ಅಪ್ಪನಿಗೆ ಹೇಳಬೇಡ ಎಂದಿದ್ದಾಳೆ ಮಗಳು

ಮೇಡಂ,

ನಾವು ಮೈಸೂರಿನ ಕಡೆಯವರು. ಯಜಮಾನರ ಕೆಲಸದಿಂದಾಗಿ ಅಮೆರಿಕಕ್ಕೆ ಬಂದು ಡಲ್ಲಾಸ್ ಹತ್ತಿರ ನೆಲೆಸಿ ಬಹಳ ವರ್ಷಗಳಾದವು. ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಹುಡುಗಿಯ ಜೊತೆ ಸಾಫ್ಟ್‌ಬಾಲ್ ಆಡಲು ಹೋದವಳು ಆ ಆಟಕ್ಕೇ ಅಂಟಿಕೊಂಡಳು. ಪಿಚರ್ ಆದಳು. ಇವರು ಆಫೀಸಿನಿಂದ ಬಂದವರೇ ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಅವಳು ಎಸೆದ ಚೆಂಡು ಹಿಡಿಯುತ್ತಿದ್ದರು. ಕತ್ತಲಾದರೂ ಇಬ್ಬರೂ ಒಳಗೆ ಬರುತ್ತಿರಲಿಲ್ಲ. ಶನಿವಾರ, ಭಾನುವಾರ ಬಂತೆಂದರೆ ಟೂರ್ನಮೆಂಟು. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಎಷ್ಟೋ ಸಲ ತಪ್ಪಿಹೋದವು. ಕೋಚಿಂಗು, ಹೋಟೆಲು, ಪೆಟ್ರೋಲು, ಬ್ಯಾಟು ಅಂತ ಆದ ಖರ್ಚಿನ ಲೆಕ್ಕ ಇವರು ಇಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಕೊನೆಗೆ ದೂರದ ಒಂದು ವಿಶ್ವವಿದ್ಯಾಲಯದ ಡಿವಿಷನ್ 1 ತಂಡ, ಅಂದರೆ ಕಾಲೇಜು ಆಟದ ಅತ್ಯುನ್ನತ ದರ್ಜೆಯ ತಂಡ, ಅವಳನ್ನು ಕರೆಯಿತು. ಅರ್ಧದಷ್ಟು ಫೀಸಿಗೆ ಸ್ಕಾಲರ್‌ಶಿಪ್ಪೂ ಸಿಕ್ಕಿತು. ಸಹಿ ಹಾಕಿದ ದಿನ ಇವರು ಅತ್ತಿದ್ದನ್ನು ನಾನು ನೋಡಿದೆ.

ಆಗಸ್ಟಿನಲ್ಲಿ ಬಿಟ್ಟು ಬಂದೆವು. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಾಗ ನಮ್ಮ ಹುಡುಗಿಯೇ ಅಲ್ಲವೇನೋ ಅನ್ನಿಸಿತು. ಇಳಿದುಹೋಗಿದ್ದಾಳೆ. ಮಧ್ಯಾಹ್ನದ ತನಕ ನಿದ್ದೆ. ಮಾತಿಲ್ಲ. ಅವಳಿಗಿಷ್ಟ ಅಂತ ಬಿಸಿಬೇಳೆಬಾತ್ ಮಾಡಿದರೆ ಎರಡು ತುತ್ತು ತಿಂದು ಎದ್ದಳು. ಮುಟ್ಟು ನಿಂತು ಮೂರು ತಿಂಗಳಾಯಿತಂತೆ, ‘ಆಡೋರಿಗೆ ಹಾಗಾಗತ್ತೆ ಬಿಡಮ್ಮ’ ಅಂದಳು. ಒಂದು ರಾತ್ರಿ ನನ್ನ ಪಕ್ಕ ಬಂದು ಮಲಗಿ, ‘ಅಮ್ಮಾ, ನಂಗೆ ಇನ್ನು ಆಡೋಕೆ ಆಗಲ್ಲ. ಅಪ್ಪಂಗೆ ಹೇಳ್ಬೇಡ, ಪ್ಲೀಸ್’ ಅಂದಳು. ಅಲ್ಲಿ ಪಿಚರ್‌ಗಳೇ ಐದು ಜನರಂತೆ, ಇವಳಿಗೆ ಅವಕಾಶ ಸಿಗುವುದು ಅನುಮಾನವಂತೆ. ಬಯಾಲಜಿ ಓದುತ್ತಿದ್ದಾಳೆ, ಮುಂದೆ ಡಾಕ್ಟರಾಗುವ ಆಸೆ. ಕೆಮಿಸ್ಟ್ರಿಯಲ್ಲಿ ಸಿ ಬಂದಿದೆ. ಫೆಬ್ರವರಿಯಲ್ಲಿ ಸೀಸನ್ ಶುರು. ಇವರು ಆಗಲೇ ಮೊದಲ ಟೂರ್ನಮೆಂಟಿಗೆ ವಿಮಾನದ ಟಿಕೆಟ್ ತೆಗೆದಿದ್ದಾರೆ. ಮೈಸೂರಿನಲ್ಲಿರುವ ಅತ್ತೆಯವರು ಫೋನಿನಲ್ಲಿ, ‘ಹೆಣ್ಣುಮಗಳಿಗೆ ಚೆಂಡಾಟ ಯಾಕೆ, ಮೊದಲೇ ಬಿಡಿಸಬೇಕಿತ್ತು’ ಅನ್ನುತ್ತಾರೆ.

ಅವಳ ಕೋಚಿಗೆ ನಾನೊಂದು ಫೋನ್ ಮಾಡಲೇ? ಇವರಿಗೆ ಹೇಳಿಬಿಡಲೇ? ಮಗಳಿಗೆ ಬಿಡು ಅನ್ನಲೇ, ಇರು ಅನ್ನಲೇ?

– ಹೆಸರು ಬೇಡ, ಡಲ್ಲಾಸ್

ಪ್ರಿಯ ಸೋದರಿ,

ನೀವು ಕೇಳಿರುವ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಪತ್ರ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಪ್ರಶ್ನೆಯಾಗಿ ಕೇಳದೆ ದಾಟಿಹೋದ ಸಾಲು: ಮುಟ್ಟು ನಿಂತು ಮೂರು ತಿಂಗಳು. ಆಡುವವರಿಗೆ ಹಾಗಾಗುತ್ತದೆ ಎಂದು ನಿಮ್ಮ ಮಗಳು ಹೇಳಿದ್ದನ್ನು ದಯವಿಟ್ಟು ನಂಬಬೇಡಿ. ಅವಳು ಸುಳ್ಳು ಹೇಳಿಲ್ಲ, ತಂಡದ ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಹಾಗೆ. ಆದರೆ ಅನೇಕರಿಗೆ ಆಗುತ್ತದೆ ಎಂದ ಮಾತ್ರಕ್ಕೆ ಅದು ಸರಿಯಾದ ಸ್ಥಿತಿಯಲ್ಲ. ದಿನವಿಡೀ ದುಡಿಯುವ ದೇಹಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದಾಗ, ಅದು ಮುಖ್ಯವಲ್ಲ ಎಂದು ತಾನೇ ತೀರ್ಮಾನಿಸಿದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ಅವುಗಳಲ್ಲೊಂದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯತಜ್ಞರು 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟರು. ಈಸ್ಟ್ರೊಜನ್ ಕಡಿಮೆಯಾಗಿ ಮೂಳೆ ಸೊರಗುತ್ತದೆ, ಸಣ್ಣ ಬಿರುಕುಗಳು ಬೀಳುತ್ತವೆ. ಗಾಯ ಬೇಗ ಮಾಯುವುದಿಲ್ಲ. ಓದಿದ್ದು ತಲೆಗೆ ಹತ್ತುವುದಿಲ್ಲ. ಹಗಲೆಲ್ಲ ನಿದ್ದೆ, ಯಾವುದರಲ್ಲೂ ಮನಸ್ಸಿಲ್ಲ, ಇಷ್ಟವಾಗಿದ್ದದ್ದೂ ಬೇಡವಾಗುತ್ತದೆ. ನೀವು ಬರೆದ ಪಟ್ಟಿ ಇದೇ ಅಲ್ಲವೇ?

ಥೈರಾಯ್ಡ್, ಪಿಸಿಒಎಸ್‌ನಂಥ ಬೇರೆ ಕಾರಣಗಳೂ ಇರಬಹುದು. ಅದನ್ನು ಹೇಳಬೇಕಾದವರು ವೈದ್ಯರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಕಬ್ಬಿಣದ ಸಂಗ್ರಹ ತೋರಿಸುವುದು), ಬಿ12, ವಿಟಮಿನ್ ಡಿ ಮತ್ತು ಥೈರಾಯ್ಡ್ ನೋಡಲು ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದಲ್ಲಿ ಕಬ್ಬಿಣದ ಸಂಗ್ರಹ ಬರಿದಾಗಿರುವುದು ಆಡುವ ಹುಡುಗಿಯರಲ್ಲಿ, ಅದರಲ್ಲೂ ಮಾಂಸ ತಿನ್ನದವರಲ್ಲಿ, ಸಾಮಾನ್ಯ. ನಿಮ್ಮ ಮನೆಯಲ್ಲಿ ಸಸ್ಯಾಹಾರವೋ ಅಲ್ಲವೋ ನೀವು ಬರೆದಿಲ್ಲ. ಸಸ್ಯಾಹಾರಿಯಾಗಿದ್ದರೆ ಅಲ್ಲಿನ ಡೈನಿಂಗ್ ಹಾಲಿನಲ್ಲಿ ಅವಳ ತಟ್ಟೆಗೆ ಏನು ಬೀಳುತ್ತಿದೆ ಎಂದು ಕೇಳಿ ನೋಡಿ. ಪ್ರ್ಯಾಕ್ಟೀಸ್ ಮುಗಿಸಿ ಹೋಗುವ ಹೊತ್ತಿಗೆ ಉಳಿದಿರುವುದು ಚೀಸ್ ಪಿಜ್ಜಾ ಮತ್ತು ಸೊಪ್ಪಿನ ಸಲಾಡ್ ಎಂದರೆ, ಅಷ್ಟರಲ್ಲಿ ಒಬ್ಬ ಪಿಚರ್ ಬದುಕಲಾರಳು. ಡಿವಿಷನ್ 1 ವಿಶ್ವವಿದ್ಯಾಲಯಗಳಲ್ಲಿ ಹಲವು ಕಡೆ ಆಟಗಾರರಿಗೆಂದೇ ಆಹಾರ ತಜ್ಞರಿರುತ್ತಾರೆ. ಅವರನ್ನು ಕಾಣುವುದು ಅವಳ ಹಕ್ಕು. ನಿಮ್ಮ ಕೈಯಿಂದಾಗುವುದೂ ಇದೆ: ಶೇಂಗಾ ಚಿಕ್ಕಿ, ಎಳ್ಳುಂಡೆ, ಹುರಿಗಡಲೆ ತಂಬಿಟ್ಟು ಡಬ್ಬಿ ತುಂಬಿ ಕಳಿಸಿ. ಬಸ್ಸಿನಲ್ಲಿ, ಎರಡು ಕ್ಲಾಸಿನ ನಡುವೆ, ಬ್ಯಾಗಿನಿಂದ ತೆಗೆದು ತಿನ್ನುವಂಥವು. ತೂಕದ ಬಗ್ಗೆ ಯಾರಾದರೂ ಏನಾದರೂ ಅಂದರೇ ಎಂದೂ ಮೆಲ್ಲಗೆ ಕೇಳಿ. ಹತ್ತೊಂಬತ್ತರ ಹುಡುಗಿ ಅಂಥ ಒಂದು ಮಾತಿಗೆ ಊಟ ಬಿಟ್ಟುಬಿಡಬಲ್ಲಳು.

ಈಗ ಆಟ ಬಿಡಬೇಕೇ ಎಂಬುದು. ಇವತ್ತು ಅದನ್ನು ಯಾರೂ ತೀರ್ಮಾನಿಸಬಾರದು, ಅವಳೂ ಕೂಡ. ಎಣ್ಣೆ ತೀರಿದ ದೀಪ ಹೊಗೆಯಾಡಿದರೆ ಬತ್ತಿ ಕಿತ್ತೆಸೆಯುವುದು ತಪ್ಪಾದೀತು. ಆರು ಎಂಟು ವಾರ ಸರಿಯಾಗಿ ತಿಂದು, ಮಲಗಿ, ಚಿಕಿತ್ಸೆ ಪಡೆದ ಮೇಲೂ ಆಡಲು ಇಷ್ಟವಿಲ್ಲ ಎಂದರೆ ಅದು ಅವಳ ಮನಸ್ಸಿನ ಮಾತು. ಈಗ ಆಡುತ್ತಿರುವ ಮಾತಿನಲ್ಲಿ ಎಷ್ಟು ಅವಳದು, ಎಷ್ಟು ದಣಿದ ದೇಹದ್ದು ಎಂದು ಅವಳಿಗೂ ಗೊತ್ತಾಗುವಂತಿಲ್ಲ.

ಅವಳ ದಣಿವು ಎಂಥದು ಎಂದು ನೀವಿಬ್ಬರೂ ತಿಳಿಯುವುದು ಅಗತ್ಯ. ಬೆಳಿಗ್ಗೆ ಆರಕ್ಕೆ ವೇಟ್ ರೂಮು. ಆಮೇಲೆ ತರಗತಿಗಳು. ಮಧ್ಯಾಹ್ನ ಮೈದಾನ. ಅದು ಮುಗಿದ ಮೇಲೆ ಟ್ರೇನರ್ ಹತ್ತಿರ ಭುಜಕ್ಕೆ ಐಸು. ರಾತ್ರಿ ಸ್ಟಡಿ ಹಾಲು. ಸೀಸನ್ ಶುರುವಾದರೆ ಗುರುವಾರ ಬಸ್ಸೋ ವಿಮಾನವೋ ಹತ್ತಿ, ಶುಕ್ರವಾರದಿಂದ ಭಾನುವಾರದವರೆಗೆ ಆಡಿ, ಭಾನುವಾರ ಅಪರಾತ್ರಿ ಹಾಸ್ಟೆಲಿಗೆ ಬಂದು, ಸೋಮವಾರ ಪರೀಕ್ಷೆ ಬರೆಯಬೇಕು. ಉತ್ತರದ ರಾಜ್ಯಗಳ ತಂಡಗಳಿಗೆ ಇದು ಇನ್ನೂ ಕಷ್ಟ. ಊರಲ್ಲಿ ಹಿಮ ಕರಗುವ ತನಕ ಫ್ಲೋರಿಡಾ, ಅರಿಝೋನಾ ಅಂತ ವಾರಾಂತ್ಯವೆಲ್ಲ ಹೊರಗೇ. ಡಿವಿಷನ್ 1 ತಂಡ ಒಂದು ಸೀಸನ್ನಿನಲ್ಲಿ 56 ಆಟಗಳವರೆಗೆ ಆಡಬಹುದು. ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು, ಒಂದು ದಿನ ರಜೆ ಕೊಡಬೇಕು ಎಂದು ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮವಿದೆ. ಆದರೆ ಅದು ಕಾಗದದ ಲೆಕ್ಕ. ಪಂದ್ಯದ ದಿನ ಎಷ್ಟು ಹೊತ್ತು ಕಳೆದರೂ ಮೂರು ಗಂಟೆಯೆಂದೇ ಬರೆದುಕೊಳ್ಳುತ್ತಾರೆ. ಪ್ರಯಾಣ, ಐಸು, ಬ್ಯಾಂಡೇಜು ಲೆಕ್ಕಕ್ಕೇ ಇಲ್ಲ. ಎನ್‌ಸಿಎಎ ತಾನೇ ನಡೆಸಿದ ಸಮೀಕ್ಷೆಗಳಲ್ಲಿ ಡಿವಿಷನ್ 1 ಆಟಗಾರರು ವಾರಕ್ಕೆ 30 ಗಂಟೆ ಮೀರಿ ಆಟಕ್ಕೆ ಹೋಗುತ್ತದೆ ಎಂದಿದ್ದಾರೆ. ನಿಮ್ಮ ಅತ್ತೆಯವರು ‘ಚೆಂಡಾಟ’ ಅಂದುಕೊಂಡಿರುವುದು ಒಂದು ಪೂರ್ಣಾವಧಿ ಕೆಲಸ. ಅದರ ಪಕ್ಕದಲ್ಲಿ ಅವಳು ವೈದ್ಯಕೀಯಕ್ಕೆ ತಯಾರಿ ನಡೆಸಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿಗೆ ಸಿ ಬಂದದ್ದು ದಡ್ಡತನವಲ್ಲ. ಲ್ಯಾಬ್ ಇರುವ ವಿಷಯಗಳನ್ನು ಸೀಸನ್ ಇಲ್ಲದ ಸೆಮಿಸ್ಟರಿಗೋ ಬೇಸಿಗೆಗೋ ಸರಿಸಲು ಆಗುತ್ತದೆಯೇ ಎಂದು ಅವಳು ಅಕಡೆಮಿಕ್ ಅಡ್ವೈಸರ್ ಜೊತೆ ಕೂತು ನೋಡಲಿ. ಈ ಒಂದು ಬದಲಾವಣೆಯಿಂದಲೇ ಉಸಿರು ಬಿಟ್ಟ ಹುಡುಗಿಯರಿದ್ದಾರೆ.

ಅವಕಾಶ ಸಿಗದಿರುವ ನೋವೂ ಇದೆ, ಅದನ್ನು ಹಗುರವಾಗಿ ಕಾಣಬೇಡಿ. ನಿಮ್ಮೂರಿನ ಹೈಸ್ಕೂಲಿನಲ್ಲಿ ಚೆಂಡು ಸದಾ ಅವಳ ಕೈಯಲ್ಲೇ ಇತ್ತು. ಪಿಚರ್ ಎಂದರೆ ಮೈದಾನದ ನಟ್ಟನಡುವೆ ವೃತ್ತದೊಳಗೆ ಒಬ್ಬಳೇ ನಿಲ್ಲುವವಳು. ಎಲ್ಲರ ಕಣ್ಣು ತನ್ನ ಮೇಲಿರುವಾಗ, 43 ಅಡಿ ದೂರದಲ್ಲಿ ಬ್ಯಾಟು ಹಿಡಿದವಳತ್ತ ತೋಳನ್ನು ಪೂರ್ತಿ ಸುತ್ತು ತಿರುಗಿಸಿ ಕೆಳಗಿನಿಂದ ಎಸೆಯಬೇಕು. ಕಾಲೇಜಿನಲ್ಲಿ ಎದುರಿಗೆ ನಿಲ್ಲುವ ಒಬ್ಬೊಬ್ಬಳೂ ತನ್ನ ಊರಿನ ಅತ್ಯುತ್ತಮ ಬ್ಯಾಟರ್. ಪಕ್ಕದಲ್ಲಿರುವ ನಾಲ್ವರು ಪಿಚರ್‌ಗಳೂ ತಮ್ಮೂರಿನ ರಾಣಿಯರೇ. ಹೆಚ್ಚಿನ ತಂಡಗಳಲ್ಲಿ ಇಬ್ಬರು ಪಿಚರ್‌ಗಳು ಬಹುಪಾಲು ಹೊರೆ ಹೊರುತ್ತಾರೆ, ಮೊದಲ ವರ್ಷದವರು ಕಾಯುತ್ತಾರೆ. ಇದು ಅವಳ ಯೋಗ್ಯತೆಯ ಮೇಲಿನ ತೀರ್ಪಲ್ಲ ಎಂದು ಅವಳಿಗೆ ತಿಳಿದಿದ್ದರೂ ಒಳಗೆ ಇಳಿದಿರುವುದಿಲ್ಲ. ಭುಜ ನೋಯುತ್ತಿದೆಯೇ ಎಂದೂ ಕೇಳಿ. ಒಬ್ಬ ಪಿಚರ್ ಇಷ್ಟೇ ಚೆಂಡು ಎಸೆಯಬೇಕೆಂಬ ಮಿತಿ ಕಾಲೇಜು ಸಾಫ್ಟ್‌ಬಾಲಿನಲ್ಲಿ ಇಲ್ಲ. ಕೆಳಗಿನಿಂದ ಎಸೆದರೆ ತೋಳಿಗೆ ಏನೂ ಆಗುವುದಿಲ್ಲ ಎಂಬ ಹಳೆಯ ನಂಬಿಕೆ ತಪ್ಪು. ಸ್ಥಾನ ಕಳೆದುಕೊಳ್ಳುವ ಭಯದಲ್ಲಿ ನೋವು ಮುಚ್ಚಿಡುವ ಹುಡುಗಿಯರು ಎಲ್ಲ ತಂಡಗಳಲ್ಲೂ ಇರುತ್ತಾರೆ. ಆಡಿಸಬೇಕೋ ಬೇಡವೋ ಎಂಬ ವಿಷಯದಲ್ಲಿ ಡಿವಿಷನ್ 1 ನಿಯಮದಂತೆ ಕೊನೆಯ ಮಾತು ವೈದ್ಯರು ಮತ್ತು ಟ್ರೇನರ್‌ಗಳದು, ಕೋಚಿನದಲ್ಲ. ಇದು ಅವಳಿಗೆ ಗೊತ್ತಿರಲಿ.

ಕೋಚಿಗೆ ಫೋನ್ ಮಾಡಬೇಡಿ. ಹದಿನೆಂಟು ತುಂಬಿದವಳ ಆರೋಗ್ಯದ ವಿಷಯ ಅವಳ ಒಪ್ಪಿಗೆಯಿಲ್ಲದೆ ಅಲ್ಲಿನ ವೈದ್ಯರು ನಿಮಗೆ ಹೇಳುವಂತಿಲ್ಲ. ಅಂಕಗಳ ವಿಷಯಕ್ಕೂ ಕಾಲೇಜು ಸಾಮಾನ್ಯವಾಗಿ ಅವಳ ಒಪ್ಪಿಗೆಯನ್ನೇ ಕೇಳುತ್ತದೆ. ಅಮ್ಮ ಹಿಂದಿನಿಂದ ಫೋನ್ ಮಾಡಿದ್ದಾಳೆ ಎಂದು ತಿಳಿದರೆ, ಆ ರಾತ್ರಿ ಪಕ್ಕಕ್ಕೆ ಬಂದು ಮಲಗಿದಂತೆ ಅವಳು ಮತ್ತೊಮ್ಮೆ ಬರಲಾರಳು. ಕೋಚಿನ ಜೊತೆ ಮಾತಾಡಬೇಕಾದವಳು ಅವಳೇ. ಆದರೆ ಬಾಯಿ ಬಿಡುವ ಮುಂಚೆ ಅವಳು ಒಂದು ಕಾಗದವನ್ನು ಸರಿಯಾಗಿ ಓದಬೇಕು: ಸ್ಕಾಲರ್‌ಶಿಪ್ ಕೊಟ್ಟಾಗ ಸಹಿ ಹಾಕಿದ ಪತ್ರ. ಗಾಯ, ಕಾಯಿಲೆ ಎಂದು ಆ ಅವಧಿಯ ಹಣವನ್ನು ಮಧ್ಯದಲ್ಲಿ ಕಡಿಮೆ ಮಾಡುವಂತಿಲ್ಲ. ಆಟಗಾರ್ತಿ ತಾನಾಗಿ ತಂಡ ಬಿಟ್ಟಳು ಎಂದಾದರೆ ವಿಶ್ವವಿದ್ಯಾಲಯ ಅದನ್ನು ರದ್ದು ಮಾಡಬಹುದು. ‘ನಾನು ಬಿಡ್ತೀನಿ’ ಎನ್ನುವುದಕ್ಕೂ, ‘ನನಗೆ ಹುಷಾರಿಲ್ಲ, ವೈದ್ಯರು ವಿಶ್ರಾಂತಿ ಹೇಳಿದ್ದಾರೆ’ ಎನ್ನುವುದಕ್ಕೂ ಅಲ್ಲಿ ಸಾವಿರಾರು ಡಾಲರಿನ ವ್ಯತ್ಯಾಸವಿದೆ. ಎರಡನೆಯದು ನೆಪವೂ ಅಲ್ಲ, ಅವಳ ಸ್ಥಿತಿಯಲ್ಲಿ ಅದೇ ಮೊದಲು ಪರೀಕ್ಷಿಸಬೇಕಾದ ಸತ್ಯ. ಕ್ರೀಡಾ ವಿಭಾಗದಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೂ, ಫೈನಾನ್ಶಿಯಲ್ ಏಡ್ ಆಫೀಸಿಗೂ ಹೋಗಿ ಅವಳು ವಿಚಾರಿಸಲಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಲಿ. ಸಿಟ್ಟಿನಲ್ಲಿ, ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರ ಟ್ರಾನ್ಸ್‌ಫರ್ ಪೋರ್ಟಲಿಗೆ ಹೆಸರು ಹಾಕುವುದೂ ಬೇಡ. ಹಾಕಿದರೆ ಆ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಈಗಿನ ಕಾಲೇಜು ಸ್ಕಾಲರ್‌ಶಿಪ್ ನಿಲ್ಲಿಸಬಹುದು.

ಇರುವುದು, ಬಿಡುವುದು ಎಂದು ಎರಡೇ ದಾರಿ ಎಂದುಕೊಂಡಿದ್ದೀರಿ. ನಡುವೆ ಇನ್ನೂ ಇವೆ. ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ, ಆದರೆ ಒತ್ತಡ ಕಡಿಮೆ, ಓದಿಗೆ ಜಾಗ ಹೆಚ್ಚು. ಅದೇ ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡಕ್ಕೆ ಆಡುವವರಿದ್ದಾರೆ. ಪೂರ್ತಿ ಬಿಟ್ಟು ಓದಿಗೆ ನಿಂತು ಸುಖವಾಗಿರುವವರೂ ಇದ್ದಾರೆ. 2025ರಲ್ಲಿ ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಸಾಫ್ಟ್‌ಬಾಲ್ ಲೀಗ್ ಒಂದು ನಾಲ್ಕು ತಂಡಗಳೊಂದಿಗೆ ಶುರುವಾಗಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸಾಫ್ಟ್‌ಬಾಲ್ ಮರಳುತ್ತಿದೆ. ಆದರೂ ಕಾಲೇಜಿನಲ್ಲಿ ಆಡುವ ಸಾವಿರಾರು ಹುಡುಗಿಯರಲ್ಲಿ ಹೆಚ್ಚಿನವರ ಆಟ ಡಿಗ್ರಿಯೊಂದಿಗೇ ಮುಗಿಯುತ್ತದೆ. ನಿಮ್ಮ ಮಗಳು ಈಗ ಬಿಟ್ಟರೂ ಮೂರು ವರ್ಷದ ಮೇಲೆ ಬಿಟ್ಟರೂ ಮುಂದೆ ಆಗಬೇಕೆಂದುಕೊಂಡಿರುವುದು ಡಾಕ್ಟರೇ.

ಇನ್ನು ಅವಳ ಅಪ್ಪ. ಈ ಗುಟ್ಟನ್ನು ನೀವು ಬಹಳ ದಿನ ಹೊರಬಾರದು. ಹಾಗೆಂದು ಅವಳ ಬೆನ್ನ ಹಿಂದೆ ಹೇಳಲೂಬಾರದು. ಅವಳಿಗೆ ಹೀಗೆ ಹೇಳಿ ನೋಡಿ: ‘ಪುಟ್ಟಾ, ನಿನ್ನ ಮಾತು ನಾನು ಉಳಿಸಿಕೊಂಡಿದ್ದೀನಿ. ಆದರೆ ಫೆಬ್ರವರಿಗೆ ಮುಂಚೆ ಅಪ್ಪಂಗೆ ನೀನೇ ಹೇಳಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ.’ ಅವಳು ಹೇಳಿದ ಮೇಲೆ ಈ ಪುಟವನ್ನು ಅವರ ಕೈಗೆ ಕೊಡಿ. ಮುಂದಿನ ಮಾತು ಅವರಿಗೆ.

ಸ್ವಾಮಿ, ಮಗಳು ನಿಮಗೆ ಹೆದರಿ ಸುಮ್ಮನಿದ್ದಳು ಎಂದುಕೊಳ್ಳಬೇಡಿ. ನಿಮಗೆ ನೋವಾಗುತ್ತದೆ ಎಂದು ಅವಳು ಸುಮ್ಮನಿದ್ದಳು. ಎರಡರ ನಡುವೆ ಬಹಳ ಅಂತರವಿದೆ, ಎರಡನೆಯದು ನೀವು ಗಳಿಸಿದ ಪ್ರೀತಿ. ಪರದೇಶದಲ್ಲಿ, ನೀವು ಎಂದೂ ಆಡಿರದ ಆಟವನ್ನು ಮಗಳಿಗಾಗಿ ಕಲಿತು, ಮೊಣಕಾಲಿಗೆ ಚೆಂಡು ಬಡಿಸಿಕೊಂಡು ವರ್ಷಗಟ್ಟಲೆ ಕೂತಿರಿ. ಅಂಥ ತಂದೆಯರು ಕಡಿಮೆ. ಆ ಸಂಜೆಗಳು ಸ್ಕಾಲರ್‌ಶಿಪ್ಪಿಗೆ ಕಟ್ಟಿದ ಕಂತು ಎಂದು ಅವಳಿಗೆ ಎಂದೂ ಅನ್ನಿಸಬಾರದು. ಈಗ ಅನ್ನಿಸುತ್ತಿದೆ, ಅದೇ ಅವಳ ಭಾರ. ಅದನ್ನು ಇಳಿಸಲು ನಿಮ್ಮಿಂದ ಮಾತ್ರ ಸಾಧ್ಯ. ‘ನೀನು ಒಂದು ಚೆಂಡೂ ಎಸೆಯದಿದ್ದರೂ ಆ ದಿನಗಳು ನನಗೆ ಬೇಕಾಗಿದ್ದವು’ ಎಂದು ಬಾಯಿಬಿಟ್ಟು ಹೇಳಿ. ನಮ್ಮ ಗಂಡಸರು ಇಂಥ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ, ಮಕ್ಕಳಿಗೆ ಅದು ಕೇಳಿಸುವುದಿಲ್ಲ. ಫೋನ್ ಮಾಡಿದಾಗ ಎಷ್ಟು ಸ್ಪೀಡ್ ಬಂತು, ಕೋಚ್ ಏನಂದರು ಎಂದು ಮೊದಲು ಕೇಳಬೇಡಿ. ಊಟ, ನಿದ್ದೆ, ಗೆಳತಿಯರ ವಿಷಯ ಕೇಳಿ. ತೆಗೆದ ಟಿಕೆಟ್ ರದ್ದು ಮಾಡಬೇಡಿ. ಅವಳು ಬೆಂಚಿನಲ್ಲಿದ್ದರೂ ಹೋಗಿ, ಆಟ ಮುಗಿದ ಮೇಲೆ ಜೊತೆಗೆ ಊಟ ಮಾಡಿ ಬನ್ನಿ.

ಸೋದರಿ, ಮತ್ತೆ ನಿಮಗೆ. ಅತ್ತೆಯವರ ಮಾತಿಗೆ ಉತ್ತರ ಕೊಡುವ ಹೊಣೆ ಅವರ ಮಗನದು. ಅಜ್ಜಿಯ ಆ ಮಾತು ಮೊಮ್ಮಗಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಹೆಣ್ಣುಮಗಳಾದ್ದರಿಂದ ಆಡಬಾರದಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ 1972ರ ಟೈಟಲ್ ನೈನ್ ಕಾಯ್ದೆ ಬಂದ ಮೇಲೆಯೇ ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರಿಗೆ ಇಷ್ಟು ಮೈದಾನ, ಇಷ್ಟು ಸ್ಕಾಲರ್‌ಶಿಪ್ ಸಿಕ್ಕಿದ್ದು. ನಿಮ್ಮ ಮಗಳು ಅದನ್ನು ತನ್ನ ತೋಳಿನ ಬಲದಿಂದ ಪಡೆದಿದ್ದಾಳೆ. ನಾಳೆ ಬಿಟ್ಟರೂ ಆ ಗಳಿಕೆ ಅವಳದೇ.

ಒಂದು ಎಚ್ಚರಿಕೆ ಹೇಳಲೇಬೇಕು. 2022ರ ಏಪ್ರಿಲಿನಲ್ಲಿ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದ ಇಪ್ಪತ್ತು ವರ್ಷದ ಕ್ಯಾಚರ್ ತನ್ನ ಜೀವ ತೆಗೆದುಕೊಂಡಳು. ಹಿಂದಿನ ವರ್ಷ ಆ ತಂಡ ಕಾಲೇಜು ವರ್ಲ್ಡ್ ಸೀರೀಸಿನ ಸೆಮಿಫೈನಲ್ ತಲುಪಿತ್ತು, ಅವಳೂ ಚೆನ್ನಾಗಿ ಆಡುತ್ತಿದ್ದಳು. ವಿಶ್ವವಿದ್ಯಾಲಯ ಉಳಿದ ಸೀಸನ್ನನ್ನೇ ರದ್ದು ಮಾಡಿತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಚೆನ್ನಾಗಿ ಆಡುವವರು ಚೆನ್ನಾಗಿಯೇ ಇರುತ್ತಾರೆ ಎಂಬ ಭ್ರಮೆ ಬೇಡ ಎಂದು ಬರೆಯುತ್ತಿದ್ದೇನೆ. ‘ಬದುಕೋದೇ ಬೇಡ ಅನ್ಸತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಅನಗತ್ಯ, ಕೇಳಿದವರೆದುರು ಮಕ್ಕಳ ಬಾಯಿ ಬಿಚ್ಚುತ್ತದೆ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಅಮೆರಿಕದಲ್ಲಿ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು. ಇಲ್ಲ ಎಂದರೂ ಕ್ಯಾಂಪಸ್ಸಿನ ಕೌನ್ಸೆಲರ್ ಒಬ್ಬರನ್ನು ಅವಳು ಕಾಣುವುದು ಒಳ್ಳೆಯದು.

ಮಕ್ಕಳನ್ನು ಅಲ್ಲಿನ ಕಾಲೇಜು ತಂಡಗಳಿಗೆ ಕಳಿಸಲು ಓಡಾಡುತ್ತಿರುವ ಇತರ ಕನ್ನಡ ತಂದೆತಾಯಂದಿರಿಗೂ ಒಂದು ಮಾತು. ಸಹಿ ಹಾಕುವ ಮುಂಚೆ ಕೋಚನ್ನು ಕೇಳಿ: ಮಗಳು ಆಡುವ ಸ್ಥಾನಕ್ಕೆ ತಂಡದಲ್ಲಿ ಎಷ್ಟು ಜನರಿದ್ದಾರೆ? ಲ್ಯಾಬ್ ಇರುವ ವಿಷಯ ಓದುವವರು ತಂಡದಲ್ಲಿ ಯಾರಿದ್ದಾರೆ, ಅವರ ಜೊತೆ ಒಮ್ಮೆ ಮಾತಾಡಬಹುದೇ? ಮಾಂಸ ತಿನ್ನದವಳಿಗೆ ಪ್ರಯಾಣದಲ್ಲಿ ಏನು ಊಟ? ಗಾಯವಾದರೆ ಮುಂದಿನ ವರ್ಷದ ಸ್ಕಾಲರ್‌ಶಿಪ್ ಏನಾಗುತ್ತದೆ, ಅದನ್ನು ಬರೆದುಕೊಡುತ್ತೀರಾ? ಇವಕ್ಕೆ ನೇರ ಉತ್ತರ ಕೊಡದವರ ತಂಡಕ್ಕೆ ಮಗಳನ್ನು ಕಳಿಸಬೇಡಿ.